ಟೋಕನ್ ಸಾಹೇಬರ ತೊಡೆಯ ಮೇಲೆ ಬೆಕ್ಕು

ಆ ಮನೆಯಲ್ಲಿ ದರ್ಬಾರು ಬೂದಿಯದು. ಬೂದಿ ಅಂದರೆ ಬೆಕ್ಕು. ಬಾಗಿಲು ತೆಗೀರಿ ಅಂತ ಗಂಟಲು ಹರಿಯುವ ಹಾಗೆ ಕೂಗುವುದು, ತೆಗೆದ ಮೇಲೆ ಹೊಸ್ತಿಲಲ್ಲಿ ಕೂತು ಒಳಗೋ ಹೊರಗೋ ಎಂದು ಯೋಚನೆಗೆ ಬೀಳುವುದು. ಬಟ್ಟಲಲ್ಲಿ ನೀರಿಟ್ಟರೆ ಮೂಗು ಮುರಿದು, ಹೋಗಿ ನಲ್ಲಿಯ ಕೆಳಗೆ ನಾಲಿಗೆ ಚಾಚುವುದು. ಅದಕ್ಕೆಂದೇ ಹೊಲಿದ ಮೆತ್ತೆಯನ್ನು ತಿರುಗಿಯೂ ನೋಡದೆ, ಮೆತ್ತೆಯ ಹತ್ತಿ ಬಂದಿದ್ದ ರಟ್ಟಿನ ಡಬ್ಬಿಯಲ್ಲಿ ಮಹಾರಾಣಿಯ ಹಾಗೆ ಒರಗುವುದು. ಮೇಜಿನ ಅಂಚಿನ ಚಮಚವನ್ನು, ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು, ಮೆಲ್ಲಮೆಲ್ಲಗೆ ತಳ್ಳಿ ಬೀಳಿಸಿ, ಬಿದ್ದ ಸದ್ದಿಗೆ ತಾನೇ ಬೆಚ್ಚಿ, ಯಾವ ಅವಿವೇಕಿಯ ಕೆಲಸ ಇದು ಎಂಬಂತೆ ಮನೆಯವರನ್ನೆಲ್ಲ ಗುರಾಯಿಸುವುದು.

ಇವೆಲ್ಲಕ್ಕಿಂತ ಮೇಲಿನದು ತೊಡೆಯ ಕಾನೂನು. ಬೂದಿ ಯಾರ ತೊಡೆಯ ಮೇಲೆ ಮಲಗುತ್ತದೋ ಅವರು ಏಳುವ ಹಾಗಿಲ್ಲ. ಅವರಿಗೆ ಯಾರೂ ಕೆಲಸ ಹೇಳುವ ಹಾಗಿಲ್ಲ. ಅವರು ಕೇಳಿದ್ದನ್ನು ಉಳಿದವರು ತಂದು ಕೈಗಿಡಬೇಕು. ಈ ಕಾನೂನನ್ನು ಜಾರಿಗೆ ತಂದವಳು ಮನೆಯ ಸೊಸೆ ಅಕ್ಕನ ಅತ್ತೆ. ಒಮ್ಮೆ ಮೈದುನ ಫೋನು ಬಂತೆಂದು ದಿಢೀರನೆ ಎದ್ದು ಬೂದಿಯನ್ನು ಉರುಳಿಸಿದ್ದ; ಬೂದಿ ಬೀರುವಿನ ಮೇಲೆ ಹತ್ತಿ, ಇಡೀ ಸಂಸಾರಕ್ಕೆ ಬೆನ್ನು ತೋರಿಸಿ ಕೂತುಬಿಟ್ಟಿತ್ತು. ಅದರ ಬೆನ್ನಿನ ಆ ಮೌನ ಅತ್ತೆಗೆ ಸಹಿಸಲಾಗಿರಲಿಲ್ಲ.

ಕಾನೂನು ಬಂದ ಮೇಲೆ ಮನೆಯಲ್ಲಿ ಒಳಸಂಚು ಶುರುವಾಯಿತು. ಮೈದುನ ಕ್ಷೌರಿಕ. ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ಅಂಗಡಿಯಿಂದ ಬಿಸಿ ಟವೆಲ್ ತಂದು ತೊಡೆಯ ಮೇಲೆ ಹಾಸಿಕೊಂಡು, "ಬಾರೇ ನನ್ನ ಬಂಗಾರಿ" ಅಂತ ಕರೆಯುತ್ತಿದ್ದ. "ಎದ್ದೇಳೋ ಸೋಮಾರಿ" ಎಂದರೆ ಬೆಕ್ಕನ್ನು ತೋರಿಸುತ್ತಿದ್ದ. ಮುಗಿಯಿತು, ಮೇಲ್ಮನವಿ ಇಲ್ಲ.

ಈ ಕಾನೂನಿನ ನಿಜವಾದ ರುಚಿ ಗೊತ್ತಿದ್ದದ್ದು ಮಾತ್ರ ಅಕ್ಕನಿಗೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳದು ಇಸ್ತ್ರಿ ಕೆಲಸ. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಇಸ್ತ್ರಿ ಅಕ್ಕ. ಬೆಳಗಿಂದ ಸಂಜೆಯವರೆಗೆ ನಿಂತೇ ಇರುವವಳು. ಮನೆಗೆ ಬಂದು ಕುರ್ಚಿಗೆ ಕುಸಿದಾಗ ಬೂದಿ ಬಂದು, ಮುಂಗಾಲಲ್ಲಿ ಹಿಟ್ಟು ನಾದಿದ ಹಾಗೆ ತೊಡೆಯನ್ನು ನಾದಿ, ಒಂದು ಸುತ್ತು ತಿರುಗಿ, ಗುರ್ ಎಂದು ಮೋಟಾರು ಹಾಕಿಕೊಂಡು ಮಲಗಿತೋ, ಅಷ್ಟು ಹೊತ್ತು ಈ ಭೂಮಿಯ ಮೇಲೆ ಯಾವ ಗಂಡಸಿಗೂ ಹೆಂಗಸಿಗೂ ಅವಳನ್ನು ಎಬ್ಬಿಸುವ ಹಕ್ಕಿರಲಿಲ್ಲ. ಅವಳ ಪರವಾಗಿ ಜಗತ್ತಿನಲ್ಲಿದ್ದ ಕಾನೂನು ಅದೊಂದೇ.

ಕಾರ್ಖಾನೆಯ ಕಾನೂನೇ ಬೇರೆ. ಅಲ್ಲಿ ಮೇಲ್ವಿಚಾರಕರ ಮೇಜಿನ ಪಕ್ಕದ ಮೊಳೆಗೆ ಒಂದು ಹಿತ್ತಾಳೆ ಟೋಕನ್ ನೇತಾಡುತ್ತಿತ್ತು. ಸಾಲಿಗೆಲ್ಲ ಅದೊಂದೇ. ಅದು ಕೈಲಿದ್ದವಳು ಶೌಚಕ್ಕೆ ಹೋಗಬಹುದು. ಉಳಿದವರು ಕೈಯೆತ್ತಿ, "ಹೋಗ್ಬೇಕಿತ್ತು ಸಾರ್" ಎಂದು ಕಾಯಬೇಕು. "ಈಗ ತಾನೇ ಬಂದ್ಯಲ್ಲ, ಮನೇಲೇ ಮುಗಿಸ್ಕೊಂಡು ಬರೋಕೆ ಏನಾಗಿತ್ತು?" ಎನ್ನುವುದು ಮೇಲ್ವಿಚಾರಕರ ನಿತ್ಯದ ಮಾತು. ಬೆನ್ನ ಹಿಂದೆ ಅವರ ಹೆಸರು ಟೋಕನ್ ಸಾಹೇಬ. ಕಳೆದ ವಾರ ತೋಳು ಹೊಲಿಯುವ ತುಂಬು ಬಸುರಿಯೊಬ್ಬಳು ಆ ಮೊಳೆಯ ಮುಂದೆ ನಿಂತು ನಿಂತು, ಕೊನೆಗೆ ನಿಂತಲ್ಲೇ ಸೀರೆ ಒದ್ದೆ ಮಾಡಿಕೊಂಡಳು. ಒಂದೊಂದೇ ಯಂತ್ರ ನಿಂತಿತು. ಹೆಂಗಸರೆಲ್ಲ ಎದ್ದು ಗೇಟಿನ ಹೊರಗೆ ಬಂದರು. ಆ ಮೊಳೆಯಿಂದ ಟೋಕನ್ ಶಾಶ್ವತವಾಗಿ ಇಳಿಯುವವರೆಗೆ ಒಳಗೆ ಕಾಲಿಡುವುದಿಲ್ಲ ಎಂದು ಅಲ್ಲೇ ಕೂತರು.

ಈಗ ಒಬ್ಬೊಬ್ಬರ ಮನೆಗೂ ಸಾಹೇಬರ ಸವಾರಿ ಶುರುವಾಗಿತ್ತು. "ನಿನ್ನ ಹತ್ರಾನೂ ಬರ್ತಾನೆ, ಬೆಣ್ಣೆ ಹಚ್ತಾನೆ, ಜಾರಬೇಡ ಕಣೇ" ಎಂದು ಗುಂಡಿ ಹಾಕುವ ಗೆಳತಿ ಬೆಳಗ್ಗೆಯೇ ಕಿವಿ ಕಚ್ಚಿದ್ದಳು. ಅವತ್ತು ವಾರದ ರಜೆ. ಮಧ್ಯಾಹ್ನ ಊಟವಾಗಿ ಮೈದುನ ಹಲ್ಲು ಕಡ್ಡಿ ಹುಡುಕುತ್ತಿರುವಾಗ ಟೋಕನ್ ಸಾಹೇಬರು ಕೇಳದೆ ಹೇಳದೆ ಒಳಗೆ ಬಂದು, ಇದ್ದುದರಲ್ಲಿ ಒಳ್ಳೆಯ ಕುರ್ಚಿ ನೋಡಿ ಕೂತೇಬಿಟ್ಟರು.

"ನೋಡಮ್ಮಾ," ಎಂದು ಶುರು ಮಾಡಿದರು. ಅಷ್ಟರಲ್ಲಿ ಬೂದಿ ಡಬ್ಬಿಯಿಂದ ತಲೆ ಎತ್ತಿತು.

ಬೆಕ್ಕೆಂದರೆ ಆಗದವರನ್ನು ಗುರುತಿಸುವುದರಲ್ಲಿ ಬೂದಿಯದು ಎತ್ತಿದ ಕೈ. ಮುದ್ದಾಡಲು ಬಂದವರಿಗೆ ಬಾಲ ತೋರಿಸುವ ಪ್ರಾಣಿ, ಅಸಹ್ಯದಿಂದ ಮುದುಡಿದ ಸಾಹೇಬರ ಮೊಣಕಾಲನ್ನು ನೋಡಿದ್ದೇ ಕರಗಿಹೋಯಿತು. ಬೂಟು ಮೂಸಿತು. ಜಿಗಿಯಿತು. ಕತ್ತಿಯಂಥ ಗೆರೆಯ ಕಪ್ಪು ಪ್ಯಾಂಟನ್ನು ಉಗುರು ಬಿಟ್ಟು ನಾದಿತು. ಒಂದು ಸುತ್ತು, ಇನ್ನೊಂದು ಸುತ್ತು. ಗುರ್.

"ಏಯ್, ಇದನ್ನ ತೆಗೀರಿ!"

"ಅಯ್ಯೋ, ತೆಗೆಯೋ ಹಾಗಿಲ್ಲ!" ಅತ್ತೆ ಗಾಬರಿಯಿಂದ ಓಡಿ ಬಂದಳು. "ನೀವು ಅಲ್ಲಾಡಬೇಡಿ. ಈ ಮನೇಲಿ ಕಾನೂನಿದೆ." ಕಾನೂನನ್ನು ಪೂರ್ತಿ ವಿವರಿಸಿದಳು. "ಏನ್ ಬೇಕೋ ಕೇಳಿ, ಕೈಗೇ ತಂದ್ಕೊಡ್ತೀವಿ."

ಸಾಹೇಬರು ನಿಯಮ ಎಂದರೆ ನೆಟ್ಟಗಾಗುವ ಮನುಷ್ಯ. ಅದರಲ್ಲೂ ತಮಗೇ ಅನುಕೂಲವಾದ ನಿಯಮ. "ಹಾಗಾದ್ರೆ... ಸ್ವಲ್ಪ ಚಹಾ?" ಎಂದರು. ಚಹಾ ಬಂತು. "ಬೆನ್ನಿಗೆ ಏನಾದ್ರೂ ಕೊಡ್ತೀರಾ?" ಬೂದಿ ಒಲ್ಲೆ ಎಂದ ಮೆತ್ತೆ ಬಂತು. ನೀರು ಬಂತು, ಇನ್ನೊಂದು ಚಹಾ ಬಂತು. "ತಲೆ ಸಿಡೀತಿದೆ" ಎಂದದ್ದೇ, ಮೈದುನ ಹಲ್ಲು ಕಚ್ಚಿಕೊಂಡು ಅವರ ಹಿಂದೆ ನಿಂತು ತಲೆ ಒತ್ತತೊಡಗಿದ. ಕಾನೂನೆಂದರೆ ಕಾನೂನು.

"ಆಹಾ," ಸಾಹೇಬರ ಕಣ್ಣು ಅರ್ಧ ಮುಚ್ಚಿತು. "ನಮ್ಮನೇಲಿ ನಾಯಿ ಕೂಡ ನನ್ನ ಹತ್ರ ಬರಲ್ಲ ಕಣಮ್ಮಾ."

"ನಾಯಿಗೆ ಬುದ್ಧಿ ಜಾಸ್ತಿ," ಎಂದ ಮೈದುನ, ನೆತ್ತಿಗೆ ಒಂದು ಗುದ್ದು ಹೆಚ್ಚಾಗಿಯೇ ಕೊಟ್ಟು.

ಮೂರನೆಯ ಚಹಾ ಹೀರುತ್ತಾ ಸಾಹೇಬರು ವಿಷಯಕ್ಕೆ ಬಂದರು. "ನಾಳೆ ನೀನೊಬ್ಬಳು ಒಳಗೆ ಬಾ ಸಾಕು. ನೀನು ಬಂದ್ರೆ ಉಳಿದೋರೂ ಬರ್ತಾರೆ. ಕಿಟಕಿ ಪಕ್ಕದ ಮೇಜು ನಿಂದು."

ತನ್ನ ಚಹಾದ ಲೋಟ ಬಾಯಿಗೆತ್ತಿದ್ದ ಅಕ್ಕ ಹಾಗೇ ನಿಂತಳು. ಆ ಇಸ್ತ್ರಿ ಕೋಣೆಯಲ್ಲಿ ಗಾಳಿ ಬರುವುದು ಕಿಟಕಿ ಪಕ್ಕದ ಮೇಜಿಗೆ ಮಾತ್ರ. ಉಳಿದ ಕಡೆ ಆವಿ, ಬೆವರು, ತಲೆಸುತ್ತು. ಎಷ್ಟು ವರ್ಷದಿಂದ ಆ ಮೇಜಿನ ಮೇಲೆ ಕಣ್ಣಿಟ್ಟಿದ್ದಳು! ಗೇಟಿನ ಹೊರಗೆ ಕೂತು ಕೂತು ಮೈಯೂ ಸೋತಿತ್ತು, ಧೈರ್ಯವೂ. ನಾಳೆ ಬೇರೆ ಯಾರೋ ಒಪ್ಪಿಕೊಂಡು ಒಳಗೆ ಹೋದರೆ? ತಾನೇ ಯಾಕಾಗಬಾರದು? 'ಹೂಂ' ಎನ್ನುವುದು ನಾಲಿಗೆಯ ತುದಿಗೆ ಬಂದು ಕೂತಿತು.

ಸಾಹೇಬರು ಉತ್ತರಕ್ಕೆ ಕಾಯಲಿಲ್ಲ. ಅವರ ಗಮನ ಬೇರೆಲ್ಲೋ ಹೋಗಿತ್ತು. ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಕಾಲು ಸೇರಿಸಿದರು. ಹಣೆಯಲ್ಲಿ ಬೆವರು ಮೂಡಿತು. ಬೂದಿ ನಿದ್ದೆಯಲ್ಲೇ ಮೈ ಮುರಿದು, ಮುಂಗಾಲನ್ನು ಅವರ ಕಿಬ್ಬೊಟ್ಟೆಗೆ ಒತ್ತಿತು. ಸಾಹೇಬರು 'ಹಾ' ಎಂದರು. ಆಮೇಲೆ, ತಮಗೇ ಅರಿವಿಲ್ಲದ ಹಾಗೆ, ಅವರ ಬಲಗೈ ನಿಧಾನಕ್ಕೆ ಮೇಲೆದ್ದಿತು.

"ಹೋಗ್ಬೇಕಿತ್ತು," ಎಂದರು.

"ಎಲ್ಲಿಗೆ?" ಎಂದ ಮೈದುನ.

"ಅದೇ... ಒಂದು ನಿಮಿಷ."

"ಈಗ ತಾನೇ ಬಂದ್ರಲ್ಲ ಸಾರ್. ಮನೇಲೇ ಮುಗಿಸ್ಕೊಂಡು ಬರೋಕೆ ಏನಾಗಿತ್ತು?"

ಅಕ್ಕನ ಮೂಗಿನಿಂದ ಚಹಾ ಹೊರಗೆ ಬಂತು. ಅಡುಗೆಮನೆಯ ಬಾಗಿಲು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಳು. ಏನೂ ಅರ್ಥವಾಗದ ಅತ್ತೆ, "ಬೂದಿ ಏಳೋವರೆಗೆ ತಡ್ಕೊಳ್ರಪ್ಪಾ, ಸಂಜೆ ಊಟದ ಹೊತ್ತಿಗೆ ಎದ್ದೇ ಏಳ್ತಾಳೆ" ಎಂದು ಸಮಾಧಾನ ಹೇಳಿದಳು. ಮೈದುನ ನಲ್ಲಿ ತಿರುಗಿಸಿ ನೀರು ಸುರ್ರೆಂದು ಬಿಟ್ಟ. "ಪಾತ್ರೆ ತೊಳೀಬೇಕಿತ್ತು," ಎಂದ. ಹುಟ್ಟಿದಾಗಿನಿಂದ ಅವನು ತಾನಾಗಿ ಪಾತ್ರೆ ತೊಳೆದವನಲ್ಲ.

"ಅಮ್ಮಾ, ದಯವಿಟ್ಟು..."

ಅಕ್ಕ ಆ ಮುಖ ನೋಡಿದಳು. ಸಾಹೇಬರು ಬೆಕ್ಕಿನ ರೆಪ್ಪೆಗಳನ್ನೇ ನೋಡುತ್ತಿದ್ದರು; ಮೊಳೆಯಲ್ಲಿ ಟೋಕನ್ ವಾಪಸು ಬಂತಾ ಎಂದು ಹೆಂಗಸರು ನೋಡುತ್ತಾರಲ್ಲ, ಥೇಟ್ ಹಾಗೆ. ಅವಳ ನಗು ನಿಂತಿತು. ಆ ತೋಳು ಹೊಲಿಯುವವಳೂ ಹೀಗೇ ನೋಡುತ್ತಾ ನಿಂತಿದ್ದಳು. ಇಂಥ ನೋಟ ಯಾರ ಮುಖದ ಮೇಲೂ ಇರಬಾರದು. ಇವನ ಮುಖದ ಮೇಲೂ.

ಎರಡು ಹೆಜ್ಜೆಯಲ್ಲಿ ಹೋಗಿ, ಬೂದಿಯ ಹೊಟ್ಟೆಯ ಕೆಳಗೆ ಕೈ ಹಾಕಿ ಎತ್ತಿಬಿಟ್ಟಳು. ಬೂದಿ ಹಿಂಡಿದ ಒದ್ದೆ ಬಟ್ಟೆಯ ಹಾಗೆ ಉದ್ದಕ್ಕೆ ನೇತಾಡುತ್ತಾ, ನಂಬಲಾಗದವರಂತೆ ಕಣ್ಣು ಬಿಟ್ಟಿತು.

"ಹೋಗಿ. ಬಲಗಡೆ ಬಾಗಿಲು. ಇದಕ್ಕೆಲ್ಲ ಯಾರನ್ನೂ ಕೇಳಬೇಡಿ."

ಸಾಹೇಬರು ಗುಂಡು ಹಾರಿದ ಹಾಗೆ ಹೋದರು.

"ಕಾನೂನು ಮುರಿದ್ಯಲ್ಲೇ!" ಅತ್ತೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

"ಹಾಗಾದ್ರೆ ತಿದ್ದೋಣ. ಇದೊಂದಕ್ಕೆ ಏಳಬಹುದು. ಒಪ್ಪಿಗೇನಾ?"

"ನಂಗಂತೂ ಒಪ್ಪಿಗೆ," ಎಂದ ಮೈದುನ ನೊರೆಗೈ ಎತ್ತಿ. "ನಾನು ಎಷ್ಟು ಸಲ ಜೀವ ಹಿಡ್ಕೊಂಡು ಕೂತಿದ್ದೀನಿ ಗೊತ್ತಾ?"

ಅತ್ತೆ ಯೋಚಿಸಿ, "ನಾನೂ," ಎಂದು ಪಿಸುಗುಟ್ಟಿದಳು. ಬೂದಿ ತಟಸ್ಥವಾಗಿ ಹಿಂಗಾಲು ನೆಕ್ಕಿಕೊಂಡಿತು. ಮಸೂದೆ ಪಾಸಾಯಿತು.

ಸಾಹೇಬರು ಪ್ಯಾಂಟಿನ ಕೂದಲು ಕೊಡವುತ್ತಾ, ಮತ್ತೆ ಸಾಹೇಬರಾಗುತ್ತಾ ಹೊರಗೆ ಬಂದರು. "ಸರಿ. ಎಲ್ಲಿದ್ವಿ? ಕಿಟಕಿ ಮೇಜು."

"ನೀವು ಹೋಗಿ ಬರೋದ್ರೊಳಗೆ ನಮ್ಮನೆ ಕಾನೂನು ಬದಲಾಯ್ತು ಸಾರ್," ಎಂದಳು ಅಕ್ಕ. "ನಿಮ್ಮಲ್ಲಿ ಇನ್ನೂ ಎಷ್ಟು ದಿನ ಬೇಕು?"

ಸಾಹೇಬರು ಪ್ಯಾಂಟಿನ ಮೇಲಿಲ್ಲದ ಕೂದಲನ್ನೂ ಕೊಡವತೊಡಗಿದರು.

"ಕಿಟಕಿ ಇದ್ದಲ್ಲೇ ಇರ್ಲಿ. ನಾನು ನಾಳೆ ಬರ್ತೀನಿ. ಎಲ್ಲರ ಜೊತೆ, ಗೇಟಿನ ಹೊರಗೆ."

ಅವರು ಬೀದಿಯ ತಿರುವು ದಾಟುವ ಮೊದಲೇ ಅಕ್ಕ ಚಪ್ಪಲಿ ಮೆಟ್ಟಿ ಗುಂಡಿ ಹಾಕುವವಳ ಮನೆಗೆ ಓಡಿದಳು. ಬಾಗಿಲು ತೆರೆದ ಗೆಳತಿಗೆ ಕಂಡದ್ದು ಗೋಡೆಗೊರಗಿ ಭುಜ ಕುಣಿಸುತ್ತಾ ಕಣ್ಣೀರು ಸುರಿಸುತ್ತಿದ್ದ ಅಕ್ಕ.

"ಅಯ್ಯೋ ಪಾಪಿ, ಒಪ್ಕೊಂಡ್ಬಿಟ್ಯೇನೇ?"

ಅಕ್ಕ ಇಲ್ಲ ಇಲ್ಲವೆಂದು ತಲೆಯಾಡಿಸಿದಳು. ಹೇಳಲು ಹೋದರೆ ನಗು ನುಗ್ಗಿ ಬರುತ್ತಿತ್ತು. ಕೊನೆಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು, ಕಾಲು ಬಿಗಿಯಾಗಿ ಸೇರಿಸಿ, ಹಣೆ ಒರೆಸಿಕೊಂಡು, ಸಾಹೇಬರ ಥರವೇ ನಿಧಾನಕ್ಕೆ ಬಲಗೈ ಎತ್ತಿ ತೋರಿಸಿದಳು. ಗೆಳತಿ ಒಂದು ಕ್ಷಣ ಬೆಪ್ಪಾಗಿ ನೋಡಿದಳು. ಆಮೇಲೆ ಅವಳು ಕಿರುಚಿದ ಸದ್ದಿಗೆ ಪಕ್ಕದ ಮನೆಯ ಬಾಗಿಲೂ ತೆರೆಯಿತು, ಅದರ ಪಕ್ಕದ್ದೂ.