ದೇವರ ಕೋಣೆಯ ಕೂಲಿ

“ದೂರ ನಿಲ್ಲೋ, ಬೋಳಿಮಗನೆ. ನಿನ್ನ ಗಾಳಿ ಸೋಕಿದ್ರೆ ನಾನು ಮತ್ತೆ ಮನೆಗೆ ಹೋಗಿ ಸ್ನಾನ ಮಾಡ್ಬೇಕು.”

ತೆರಿಗೆ ಆಫೀಸಿನ ಜಗಲಿಯಲ್ಲಿ ಅಂಜನಮೂರ್ತಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಹಲಸೂರು ಬಜಾರಿನಲ್ಲಿ ಅಕ್ಕಿ ಮಂಡಿ ಇಟ್ಟವನು. ನಾನು ಮೆಟ್ಟಿಲ ಕೆಳಗೆ ಬಿಸಿಲಲ್ಲಿ ನಿಂತೆ. ಅವನ ಮನೆಯ ಚರಂಡಿ ಕೆಸರು ಎತ್ತುವವನು, ಸೌದೆ ಒಡೆಯುವವನು, ಹೊರಗೋಡೆಗೆ ಸುಣ್ಣ ಬಳಿಯುವವನು ನಾನೇ. ಕೆಲಸ ಮುಗಿದರೆ ಅವನ ಹೆಂಡತಿ ಯಶೋದಮ್ಮ ಬಚ್ಚಲ ಕಲ್ಲಿನ ಮೇಲೆ ಕಾಸಿಟ್ಟು ಒಳಗೆ ಹೋಗುತ್ತಾಳೆ. ಅವಳು ಬಾಗಿಲು ಹಾಕಿಕೊಂಡ ಮೇಲೆ ನಾನು ಎತ್ತಿಕೊಳ್ಳಬೇಕು.

ಯುದ್ಧ ಶುರುವಾಗಿ ಉಪ್ಪಿಗೂ ಬೆಲೆ ಏರಿತ್ತು. ಕೂಲಿಗೆ ಒಂದಾಣೆ ಜಾಸ್ತಿ ಕೇಳಿದೆ. ಅಷ್ಟೇ ನಾನು ಮಾಡಿದ್ದು. ಆ ತಿಂಗಳು ಕಳೆಯುವುದರೊಳಗೆ ನನ್ನ ಗುಡಿಸಲಿಗೆ ತೆರಿಗೆಯವರು ಬಂದರು. ಮನೆಮನೆ ಚಿಲ್ಲರೆ ಕೆಲಸ ಮಾಡಿ ಕಾಸು ಗಳಿಸ್ತೀಯ, ಸರ್ಕಾರಕ್ಕೆ ತಿಳಿಸಿಲ್ಲ ಅಂದರು. ಜಪ್ತಿ ಮಾಡಲು ಒಳಗೆ ಹುಡುಕಿದರು. ಒಡೆದ ಮಡಕೆ ಬಿಟ್ಟು ಏನೂ ಸಿಗದೆ, ಬಾಗಿಲನ್ನೇ ಕಿತ್ತುಕೊಂಡು ಹೋದರು. ಒಳಗೆ ನನ್ನ ಹೆಂಡತಿ ಆದಿಲಕ್ಷ್ಮಿ ಹಸಿ ಬಾಣಂತಿ. ಹೊಸಿಲಿಗೆ ಅಡ್ಡ ಮಲಗಿ ಬೆಳಗಿನವರೆಗೂ ನಾಯಿ ಓಡಿಸಿದೆ. ಎದ್ದವಳೇ ಅಂದಳು:

“ಬಾಗ್ಲು ತಗೊಂಡ್ ಬಾ. ಇಲ್ಲಾಂದ್ರೆ ನೀನೂ ಬರ್ಬೇಡ.”

ಅದಕ್ಕೇ ಬಂದಿದ್ದೆ.

ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ರೇಷನ್ ಇನ್ಸ್‌ಪೆಕ್ಟರ ಮೇಜು. ಅದರ ಮುಂದೆ ಉದ್ದನೆ ಸಾಲು. ವಾರಗಟ್ಟಲೆಯಿಂದ ಅಕ್ಕಿ ಬಂದಿಲ್ಲ ಅನ್ನಿಸಿಕೊಂಡು ವಾಪಸ್ ಹೋಗುತ್ತಿದ್ದ ಜನ. ತರಕಾರಿ ಮಾರುವ ಖುರ್ಷೀದಾ ಇದ್ದಳು. ಅಂಜನಮೂರ್ತಿಯ ಮನೆ ಪುರೋಹಿತರೂ ಇದ್ದರು. ಹಸಿವಿಗೆ ಬೇರೆ ಸಾಲು ಇಟ್ಟಿರಲಿಲ್ಲ.

ತೆರಿಗೆ ಸಾಹೇಬರು ಹೊರಗೆ ಬಂದು ಕೂತರು. ಪಕ್ಕದಲ್ಲಿ ಗುಮಾಸ್ತ ರಾಮಯ್ಯ.

“ಚಲುವಯ್ಯ ನೀನೇನಾ? ಅಂಜನಮೂರ್ತಿಯವರೊಬ್ಬರೇ ತಿಂಗಳಿಗೆ ನಲವತ್ತು ರೂಪಾಯಿ ನಿನ್ನ ಕೈಗೆ ಕೊಡ್ತಾರಂತಲ್ಲ.”

ಆಗ ನನಗೆ ಹೊಳೆಯಿತು. ನನ್ನ ಹೆಸರಲ್ಲಿ ಖರ್ಚು ತೋರಿಸಿ ತನ್ನ ತೆರಿಗೆ ಇಳಿಸಿಕೊಂಡಿದ್ದಾನೆ. ದುಡ್ಡು ಅವನ ಗಂಟಿನಲ್ಲಿ, ತೆರಿಗೆ ನನ್ನ ತಲೆ ಮೇಲೆ.

“ನಲವತ್ತಾ? ಅಷ್ಟು ಕೊಟ್ಟಿದ್ರೆ ನಾನೂ ಅಕ್ಕಿ ಮಂಡಿ ಇಡ್ತಿದ್ದೆ ಸ್ವಾಮಿ.”

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

“ಎಕ್ಕಡ ಕಿತ್ತೋಗೋ ಹಂಗೆ ಹೊಡಿತೀನಿ, ಮುಂಡೇದೆ,” ಅಂದ ಅಂಜನಮೂರ್ತಿ.

ರಾಮಯ್ಯ ನನ್ನತ್ತ ಕೈ ಮಾಡಿದ. “ಹರಟೆ ಬೇಡ ಕಣೋ. ಯಾವ್ ಕೆಲ್ಸಕ್ಕೆ ಏನ್ ಸಿಕ್ತು, ನೀನೇ ಹೇಳು. ಒಂದ್ ಕಾಸು ಬಚ್ಚಿಟ್ರೂ ಜೈಲು.”

“ಎಲ್ಲಾ ಹೇಳ್ಲಾ?”

“ಎಲ್ಲಾ.”

“ಚರಂಡಿಗೆ ಎರಡಾಣೆ. ಸೌದೆಗೆ ಎರಡಾಣೆ, ಜೊತೆಗೆ ಹಳಸಿದ ಅನ್ನ. ಸತ್ತ ಹಸ ಎಳ್ದಿದ್ಕೆ ಏನೂ ಇಲ್ಲ, ಅದು ನಿಮ್ ಕುಲದ ಕೆಲ್ಸ ಅಂದ್ರು. ಸಂಕ್ರಾಂತಿ ಹಿಂದಿನ ವಾರ ಮಾತ್ರ ಒಂದೇ ದಿನಕ್ಕೆ ಮೂರು ರೂಪಾಯಿ.”

“ಮೂರಾ? ಏನು ಕೆಲಸ ಅದು?”

“ಅಕ್ಕಿ ಮೂಟೆ ಹೊತ್ತಿದ್ದು. ಹಿತ್ಲಲ್ಲಿ ನಿಂತಿದ್ದ ಗಾಡಿಯಿಂದ ದೇವರ ಕೋಣೆಗೆ.”

ಸಾಲಿನ ತಲೆಗಳೆಲ್ಲ ನನ್ನತ್ತ ತಿರುಗಿದವು. ಇನ್ಸ್‌ಪೆಕ್ಟರು ತಲೆ ಎತ್ತದೆ ಬರೆಯುತ್ತಲೇ ಇದ್ದರು.

ಅಂಜನಮೂರ್ತಿ ನಕ್ಕ. “ಕೇಳಿದ್ರಾ ಸಾರ್? ಹೊಲೆಯನ್ನ ನಾನು ದೇವರ ಕೋಣೆಗೆ ಬಿಟ್ನಂತೆ.”

ಸಾಹೇಬರೂ ನಕ್ಕರು. ರಾಮಯ್ಯನೂ ನಕ್ಕ. ನನ್ನ ಮಾತಿಗೆ ಎಲ್ಲರೂ ಹೀಗೇ ನಗುತ್ತಾರೆಂದು ನಂಬಿಯೇ ಅಂಜನಮೂರ್ತಿ ಅವತ್ತು ನನ್ನನ್ನು ಕರೆದಿದ್ದು.

“ಬಿಟ್ರು ಸ್ವಾಮಿ,” ಅಂದೆ. “ಮಂಡಿ ಆಳುಗಳು ಅವ್ರ ಜಾತಿಯೋರು, ಅವ್ರು ಬಾಯಿ ಬಿಟ್ರೆ ಊರು ನಂಬ್ತದೆ. ಅದ್ಕೇ ಮನೆಯೋರ್ನೆಲ್ಲ ನೆಂಟರ ಮನೆಗೆ ಕಳ್ಸಿ ನನ್ನ ಕರುದ್ರು. ದೇವರ ಮಂಟಪದ ಹಿಂದೆ ಹಲಗೆ ಗೋಡೆ. ಹಲಗೆ ಸರಿಸಿದ್ರೆ ಸೂರು ಮುಟ್ಟೋ ಹಂಗೆ ಮೂಟೆ. ಬೆಳ್ಳಿ ಲಕ್ಷ್ಮಿಗೆ ಎಡಗಿವಿ ಓಲೆ ಇಲ್ಲ. ನಂದಾದೀಪದ ಮೇಲೆ ತೊಲೆ ಸುಟ್ಟು ಕರ್ರಗಾಗೈತೆ. ಕೆಲ್ಸ ಮುಗುದ್ ಮೇಲೆ ಯಜಮಾನ್ರೇ ನನ್ನ ಹೆಜ್ಜೆ ಮೇಲೆಲ್ಲ ಗಂಜ್ಲ ಚೆಲ್ಕೊಂಡ್ ಬಂದ್ರು.”

ಸಾಲಿನಿಂದ ಪುರೋಹಿತರು ನಿಧಾನವಾಗಿ ಹೊರಗೆ ಬಂದರು.

“ಓಲೆ ಇಲ್ಲದ್ದು ನಿಜ,” ಅಂದರು. “ಮೂರ್ತಿ, ಇವನು ತುಳಿದ ಕೋಣೇಲಿ ನನ್ನ ಕೈಲಿ ಸಂಕ್ರಾಂತಿ ಪೂಜೆ ಮಾಡಿಸಿದ್ಯಾ? ನೈವೇದ್ಯ ತಿನ್ನಿಸಿದ್ಯಾ?”

ಅಂಜನಮೂರ್ತಿ ಕುರ್ಚಿ ಬಿಟ್ಟು ಎದ್ದ. ಅಕ್ಕಿಯ ಮಾತಿಗೆ ನಕ್ಕವನು ಈ ಮಾತಿಗೆ ಕೈ ಮುಗಿದ.

“ಇಲ್ಲ ಸ್ವಾಮಿಗಳೇ, ತಾಯಾಣೆ ಇಲ್ಲ. ಇವನು ಹಿತ್ತಲ ಬಾಗಿಲವರೆಗೆ ಮಾತ್ರ ತಂದ. ಒಳಗೆ ಮೂಟೆ ಹೊತ್ತಿಟ್ಟವನು ನಾನೇ. ಒಂದೊಂದನ್ನೂ ನಾನೇ.”

ಹೇಳಿ ಮುಗಿಸಿದ ಮೇಲೆ ಏನು ಹೇಳಿದೆನೆಂದು ಅವನಿಗೆ ತಿಳಿಯಿತು.

“ಹರಾಮಿ,” ಅಂದಳು ಖುರ್ಷೀದಾ, ಮೆತ್ತಗೆ. ಆಮೇಲೆ ಇನ್ಸ್‌ಪೆಕ್ಟರ ಮೇಜಿಗೆ ಎರಡೂ ಕೈ ಊರಿದಳು. “ಏಳಪ್ಪಾ ಸಾಹೇಬ. ಕೇಳಿಸಿಲ್ಲ ಅನ್ಬೇಡ. ನಾವೆಲ್ಲ ಕೇಳಿದೀವಿ.” ಅವಳ ಹಿಂದೆ ಸಾಲು ಮುರಿದು ಗುಂಪಾಯಿತು. ಇನ್ಸ್‌ಪೆಕ್ಟರು ಟೋಪಿ ಹುಡುಕಿದರು.

ತೆರಿಗೆ ಸಾಹೇಬರು ನನ್ನ ಮೇಲೆ ಹರಿಹಾಯ್ದರು. “ಹೊತ್ತವನೂ ಕಳ್ಳನೇ. ನಿನ್ನನ್ನೂ ಬಿಡಲ್ಲ.”

“ಹಾಕಿ ಸ್ವಾಮಿ ಜೈಲಿಗೆ. ಇಬ್ರುನ್ನೂ ಒಂದೇ ಕೋಣೆಗೆ ಹಾಕಿ. ಒಂದೇ ಮಡಕೆ ನೀರಿಡಿ. ಈಗ ನನ್ ಬಾಗ್ಲು ಎಲ್ಲಿ?”

ಆಫೀಸಿನ ಹಿಂದೆ ಒರಗಿಸಿದ್ದರು. ಖುರ್ಷೀದಾ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ ಎತ್ತಿಕೊಂಡು ಬಂದಳು. ರಾಮಯ್ಯ ಅಡ್ಡ ಬಂದ, ಬಾಗಿಲು ಭುಜಕ್ಕೆ ತಾಗಿ ಪಕ್ಕಕ್ಕೆ ಸರಿದ. “ಬಾಣಂತಿ ಮನೇದು ಕಣೋ ಇದು,” ಅಂದಳು ಖುರ್ಷೀದಾ ಅವನಿಗೆ. ನನ್ನ ಕಡೆ ತಿರುಗಿ, “ನೀ ಮೂಟೆ ತೋರ್ಸಕ್ಕೆ ಹೋಗು ಚಲುವಾ, ಬಾಗ್ಲು ನಾವು ಕೂರಿಸ್ತೀವಿ,” ಅಂದಳು.

ಮನೆ ತಪಾಸಣೆಗೆ ಜಟಕಾ ಬಂತು. ಇನ್ಸ್‌ಪೆಕ್ಟರು ಮುಂದೆ ಕೂತರು, ಅಂಜನಮೂರ್ತಿ ಹಿಂದೆ. “ನೀನು ನಡಕೊಂಡು ಬಾ,” ಅಂದರು ನನಗೆ.

ನಾನು ಹತ್ತಿ ಅಂಜನಮೂರ್ತಿಯ ಪಕ್ಕದಲ್ಲಿ ಕೂತೆ. ತೊಡೆಗೆ ತೊಡೆ ತಾಗಿತು. ಅವನು ಪಂಚೆ ಎಳೆದುಕೊಂಡ. ಸರಿಯಲು ಜಾಗ ಇರಲಿಲ್ಲ.

“ಇಳಿಸೋ ಇವನ್ನ,” ಅಂದ.

ಗಾಡಿಯವನು ವಾಜಿದ್ ತಿರುಗಿಯೂ ನೋಡಲಿಲ್ಲ. “ನಮ್ ಗಾಡೀಲಿ ಕೂತೋರೆಲ್ಲ ಸವಾರೀನೇ ಸೇಟ್. ಜಲ್ದಿ ಹೊಡೀಲಾ?”

“ಬೇಡ ವಾಜಿದ್ ಭಾಯ್,” ಅಂದೆ. “ಬಜಾರ್ ಬೀದೀಲೇ ಹೋಗು. ಮೆಲ್ಲಗೆ.”