ಮೇಲಿನ ಎರಡು ಸಾಲು

ಯುಪಿಎಸ್ ಒಮ್ಮೆ ಕೀಂವ್ ಎಂದು ಸುಮ್ಮನಾಯಿತು. ರಾತ್ರಿ ಹನ್ನೊಂದೂವರೆಗೆ ಕರೆಂಟ್ ಬಂದಿತ್ತು. 2007ರಲ್ಲಿ ಚಿತ್ತಾಪುರದಲ್ಲಿ ಹಗಲಿನ ಕರೆಂಟನ್ನು ನಂಬುವಂತಿರಲಿಲ್ಲ. ಅದಕ್ಕೇ ಕಚೇರಿಯ ಕಂಪ್ಯೂಟರನ್ನು ಮನೆಯಲ್ಲಿ ಇಟ್ಟುಕೊಂಡಿದ್ದೆ.

ನಮ್ಮ ಸಂಸ್ಥೆ ಶಹಾಬಾದ್ ಸುತ್ತಲಿನ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗಳಲ್ಲಿ ದುಡಿಯುವವರ ಉಸಿರು ಪರೀಕ್ಷೆ ಮಾಡಿಸಿತ್ತು. ಊರಿಗೊಂದು ಟೆಕ್ಸ್ಟ್ ಫೈಲ್. ಅವನ್ನು ಆರ್ ಎಂಬ ಪ್ರೋಗ್ರಾಮಿಗೆ ಓದಿಸಿ, ಉಸಿರು ಕಡಿಮೆ ಇದ್ದವರ ಪಟ್ಟಿ ತೆಗೆಯುವುದು ನನ್ನ ಕೆಲಸ. ಪಟ್ಟಿಯಲ್ಲಿದ್ದವರಿಗೆ ಗುಲಬರ್ಗಾದಲ್ಲಿ ಎಕ್ಸ್‌ರೇ ಮಾಡಿಸಲು ಚೀಟಿ ಹೋಗುತ್ತಿತ್ತು.

ಅಂದು ಮಧ್ಯಾಹ್ನ ಪೀರಮ್ಮ ಎಂಬ ಕಲ್ಲು ಒಡೆಯುವ ಹೆಂಗಸು ಕಚೇರಿಗೆ ಬಂದಿದ್ದಳು. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದಳು.

"ನಮ್ಮ ಓಣ್ಯಾಗ ಎಲ್ಲಾರಿಗೂ ಚೀಟಿ ಬಂದಾವ್ರಿ, ನನಗಷ್ಟೇ ಇಲ್ಲ. ನಿಂದು ಭಾಳ ಕಮ್ಮಿ ಅದ ಅಂತ ಡಾಕ್ಟರ್ ಎರಡು ಸಲ ಊದಿಸಿದ್ರು. ಮೊದಲ ನಂಬರ್ ನಂದೇ ಇತ್ರಿ."

ನಮ್ಮ ಮುಖ್ಯಸ್ಥರು ಪಾಂಡುರಂಗರಾಯರು. ತಕ್ಷಣ ಕೈಯಿಂದಲೇ ಚೀಟಿ ಬರೆದುಕೊಟ್ಟರು. ಒಂದೂವರೆ ತಿಂಗಳು ತಡವಾಗಿತ್ತು. ಆಕೆ ಹೋದ ಮೇಲೆ ನನ್ನತ್ತ ತಿರುಗಿದರು.

"ಆ ಊರಿನ ಫೈಲ್ ಅಖ್ತರ ಬೇಗಂ ಟೈಪ್ ಮಾಡಿದ್ದಲ್ಲೇನ್ರಿ? ಹೆಸರು ನುಂಗ್ಯಾಳ ಆಕಿ. ನಿಮ್ಮ ಪ್ರೋಗ್ರಾಮಿಂದು ಅಂತೂ ದಿನಾ ಏಕಾದಶಿ, ಅದು ಏನೂ ನುಂಗಂಗಿಲ್ಲ."

ನಾನೂ ನಕ್ಕಿದ್ದೆ.

ಈಗ ಆ ಫೈಲಿನ ಮೊದಲ ಮೂರು ಸಾಲು ತೋರಿಸೆಂದು ಆಜ್ಞೆ ಕೊಟ್ಟೆ. ಯಾವ ಫೈಲನ್ನಾದರೂ ಹೀಗೆ ಇಣುಕಿ ನೋಡಿಯೇ ಒಳಗೆ ತೆಗೆದುಕೊಳ್ಳುತ್ತಿದ್ದೆ. ಪಟ್ಟಿ ತೆಗೆದ ದಿನ ಒಂಬತ್ತು ಫೈಲು ಒಟ್ಟಿಗೆ ಬಂದಿದ್ದರಿಂದ ಇದೊಂದನ್ನು ನೋಡಿರಲಿಲ್ಲ.

ಮೊದಲ ಸಾಲಿನಲ್ಲಿ ಹೆಸರು, ವಯಸ್ಸು, ಉಸಿರು ಎಂಬ ತಲೆಬರಹಗಳು. ಎರಡನೆಯ ಸಾಲು: ಪೀರಮ್ಮ, ಮೂವತ್ತೆಂಟು.

ಅಖ್ತರ ಬೇಗಂ ಏನನ್ನೂ ಬಿಟ್ಟಿರಲಿಲ್ಲ.

ಉಳಿದ ಫೈಲುಗಳನ್ನೆಲ್ಲ ಟೈಪ್ ಮಾಡಿದವನು ಸುಮಧ್ವ. ಅವನು ಏನು ಬರೆದರೂ ಮೇಲೆ 'ಶ್ರೀ' ಹಾಕದೆ ಶುರುಮಾಡುವುದಿಲ್ಲ. ಅವನ ಫೈಲಿನಲ್ಲಿ ಮೊದಲ ಸಾಲು ಶ್ರೀ, ಎರಡನೆಯದು ತಲೆಬರಹ, ಮೂರನೆಯದರಿಂದ ಜನ. ಹಾಗಾಗಿ ಎಲ್ಲ ಫೈಲಿಗೂ ಮೇಲಿನ ಎರಡು ಸಾಲು ಬಿಟ್ಟು ಓದು ಎಂದು ಬರೆದಿಟ್ಟಿದ್ದೆ. ಈ ಫೈಲಿನಲ್ಲಿ ಹಾಗೆ ಬಿಟ್ಟುಹೋದ ಎರಡನೆಯ ಸಾಲು ಪೀರಮ್ಮ. ಶ್ರೀ ನಮ್ಮ ಮನೆಯಲ್ಲೂ ಬರೆಯುತ್ತೇವೆ. ಅದು ಇಲ್ಲದ ಕಾಗದವೂ ಇರುತ್ತದೆಂದು ನನಗೆ ಹೊಳೆದಿರಲಿಲ್ಲ.

ರಾಯರಿಗೆ ಹೇಳಬೇಕಾದ ಮಾತನ್ನು ಬೆಳಗಿನವರೆಗೂ ಜೋಡಿಸಿದೆ. ಕಚೇರಿ ಮುಟ್ಟುವಷ್ಟರಲ್ಲಿ ಅಖ್ತರ ಬೇಗಂ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು.

"ಸರ್ ಇನ್ನ ಟೈಪಿಂಗ್ ಬ್ಯಾಡ ಅಂದ್ರು ಮೇಡಂ. ನನ್ನಿಂದಾನೇ ಹೆಸರು ಬಿಟ್ಟುಹೋಗಿರಬೇಕು, ಮಾಫಿ ಕೇಳಿದೆ."

"ನೀವು ಫೈಲ್ ನೋಡಿದ್ರೇನು?"

"ಏನಂತ ನೋಡ್ಲಿ? ಆ ಹೆಣ್ಮಗಳಿಗೆ ಚೀಟಿ ಹೋಗಿಲ್ಲ ಅಂದ್ಮ್ಯಾಲೆ ತಪ್ಪು ನಂದೇ." ಚೀಲವನ್ನು ಹೆಗಲಿಗೇರಿಸುತ್ತ ಅಂದಳು, "ಆ ಫೈಲ್ ಟೈಪ್ ಮಾಡೋ ಮುಂದ ಮ್ಯಾಲೆ ಬಿಸ್ಮಿಲ್ಲಾ ಅಂತ 786 ಬರೀಲಿಕ್ಕೆ ಕೈ ಹೋಗಿತ್ತು. ಆಫೀಸಿನ ಕೆಲಸ, ಯಾರರೆ ಏನರೆ ಅಂದಾರು ಅಂತ ಬಿಟ್ಟೆ. ಬರೀದೇ ಶುರು ಮಾಡಿದ್ದಕ್ಕೇ ಹಿಂಗಾಯ್ತೇನೋ."

ಆ ಮೂರು ಅಂಕಿ ಬರೆದಿದ್ದರೆ ಪೀರಮ್ಮ ಮೂರನೆಯ ಸಾಲಿಗೆ ಇಳಿದು ಉಳಿಯುತ್ತಿದ್ದಳು.

"ವೃಂದಾಬಾಯಿ," ಒಳಗಿನಿಂದ ರಾಯರು ಕರೆದರು, "ಫೈಲ್ ನೋಡಿದ್ರೇನು? ಪೀರಮ್ಮನ ಹೆಸರು ಸಿಕ್ತೇನು?"

ಅಖ್ತರ ಬೇಗಂ ನನ್ನ ಮುಖವನ್ನೇ ನೋಡುತ್ತಿದ್ದಳು. ರಾತ್ರಿ ಜೋಡಿಸಿದ ಮಾತೆಲ್ಲ ನೆನಪಿತ್ತು. ಹೇಳಿದರೆ ಈಗಿನಿಂದ ನನ್ನ ಪ್ರತಿ ಪಟ್ಟಿಯನ್ನೂ ಮತ್ತೊಬ್ಬರು ತೆರೆದು ನೋಡುತ್ತಾರೆ ಎಂಬುದೂ ಗೊತ್ತಿತ್ತು.

"ಇಲ್ರಿ, ಸಿಕ್ಕಿಲ್ಲ," ಎಂದೆ.

ಆಕೆ ತಲೆಯಾಡಿಸಿ ಬಸ್ ನಿಲ್ದಾಣದ ಕಡೆ ನಡೆದಳು. ಇದನ್ನು ಯಾರ ಮುಂದೆಯೂ ಹೇಳುವುದಿಲ್ಲ ಎಂದು ಅಲ್ಲೇ ನಿಂತು ನಿರ್ಧರಿಸಿದೆ.