ನದಿ ಬದಿಯ ತೋಟದ ವೈನ್

ಲೋಟಗಳ ಮೇಲೆ ತೋಟದ ಹೆಸರು ಬೇಡ, ಬರೀ ಅಂಕಿ ಇರಲಿ ಎಂದು ಹಟ ಹಿಡಿದವಳು ಸೊಲಾಂಜಳೇ.

ಪೇರ್‌ಲೋಂಗ್ ಶಾತೊ ಎಂಬ ದ್ರಾಕ್ಷಿತೋಟದ ಬಂಗಲೆಯ ವೈನ್ ನೆಲಮಾಳಿಗೆ ಅವಳ ಉಸ್ತುವಾರಿಯಲ್ಲಿತ್ತು. ಚಳಿಗಾಲದ ಕೊನೆಗೆ ಒಂದೊಂದು ತೋಟದ ವೈನನ್ನೂ ರುಚಿ ನೋಡಿ, ಮೇಲಾದದ್ದನ್ನು ಮನೆತನದ ಹೆಸರು ಹೊತ್ತ ದೊಡ್ಡ ವೈನಿಗೂ ಉಳಿದದ್ದನ್ನು ಎರಡನೇ ವೈನಿಗೂ ಸೇರಿಸುತ್ತಿದ್ದರು. ನದಿ ಬದಿಯ ತೋಟದ್ದು ಎಂದೂ ಎರಡನೆಯದಕ್ಕೇ. ಅಲ್ಲಿಯ ಬಳ್ಳಿಗಳನ್ನು ನೆಟ್ಟವನು ಅವಳ ಮಾವ, ಈಗ ಸವರುವವನು ಗಂಡ ಆನ್ಸೆಲ್ಮ್. ಆ ತೋಟದ ಹೆಸರು ಕೇಳಿದ ಕೂಡಲೇ ಶಾತೊದ ದೊಡ್ಡವರು ಮೂಗು ಮುರಿಯುತ್ತಾರೆ ಎಂಬುದು ಗಂಡ ಹೆಂಡಿರ ಹಳೆಯ ಸಿಟ್ಟು.

"ಆಯ್ತು ಮದಾಂ, ನೀವು ಹೇಳ್ದಂಗೇ ಆಗ್ಲಿ" ಎಂದ ಶಾತೊದ ಯಜಮಾನ ಎಮೆರಿಕ್.

ಸೊಲಾಂಜ್ ಒಂದೊಂದೇ ಲೋಟವೆತ್ತಿ, ಬಾಯಲ್ಲಿ ಆಡಿಸಿ, ಉಗಿದು, ಆಚೆಗೋ ಈಚೆಗೋ ಸರಿಸಿದಳು. ಒಂದು ಲೋಟದ ಬಗ್ಗೆ ಮಾತ್ರ ಇಬ್ಬರ ಅಭಿಪ್ರಾಯ ಹೊಂದಲಿಲ್ಲ.

"ನಂಗೇನೋ ಹಿಡಿಸ್ತು" ಎಂದ ಎಮೆರಿಕ್.

"ವಾಸನೆ ನೋಡಿ ಮೋಸ ಹೋಗ್ಬೇಡಿ. ನಾಲಿಗೆ ಮೇಲೆ ನಿಲ್ಲೋದೇ ಇಲ್ಲ. ಎರಡನೇದಕ್ಕೇ ಹಾಕಿ."

ಕೊನೆಗೆ ಪಟ್ಟಿ ತೆಗೆದು ಅಂಕಿ ನೋಡಿದರೆ ಅದು ನದಿ ಬದಿಯದು.

ಎಮೆರಿಕ್ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಜಗಳವಾಡಲಾದರೂ ಆಗುತ್ತಿತ್ತು. "ಬೇಕಾದ್ರೆ ದೊಡ್ಡ ವೈನಿಗೇ ಹಾಕೋಣ ಮದಾಂ" ಎಂದ ಮೆಲ್ಲಗೆ. ಅವಳು ಮತ್ತೊಮ್ಮೆ ಕುಡಿದಳು, ಹೇಗಾದರೂ ಮೆಚ್ಚಲೇಬೇಕೆಂದು ಕುಡಿದಳು. ರುಚಿ ಈ ಸಲವೂ ನಾಲಿಗೆಯ ಮೇಲೆ ನಿಲ್ಲಲಿಲ್ಲ.

"ಬೇಡ" ಎಂದು ಲೋಟ ಕುಕ್ಕಿದಳು.

ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತು ಆನ್ಸೆಲ್ಮ್ ಬಾತುಕೋಳಿಯ ತೊಡೆ ಬಿಡಿಸುತ್ತಿದ್ದ. ಸುದ್ದಿ ಕೇಳಿ ಚಾಕು ಕೆಳಗಿಟ್ಟ.

"ಮತ್ತೆ ಎರಡನೇದಕ್ಕಾ? ಯಾವ ಮುಟ್ಠಾಳ ಅವ್ನು?"

"ನಾನೇ."

"ನಮ್ದು ಅಂತ ಗೊತ್ತಾಗ್ಲಿಲ್ವಾ ನಿಂಗೆ?"

"ಇಲ್ಲ. ಗೊತ್ತಾದ್ಮೇಲೂ ಅದೇ ಅನಿಸ್ತು. ಬೇಸಿಗೇಲಿ ಅರ್ಧ ಗೊಂಚಲು ಕಿತ್ತು ಹಾಕು, ಉಳಿದದ್ರಲ್ಲಿ ಸತ್ವ ನಿಲ್ಲತ್ತೆ ಅಂತ ಬಡ್ಕೊಂಡೆ. ಕೇಳಿದ್ಯಾ?"

"ನಮ್ಮಪ್ಪ ಯಾವತ್ತೂ ಕಿತ್ತಿಲ್ಲ!"

"ಅದಕ್ಕೇ ನಿಮ್ಮಪ್ಪಂದೂ ಎರಡನೇದಕ್ಕೇ ಹೋಗ್ತಿತ್ತು!"

ಆನ್ಸೆಲ್ಮ್ ತಟ್ಟೆಯನ್ನು ಆಚೆ ಸರಿಸಿದ.

"ಇಷ್ಟು ವರ್ಷ ಆ ಮನೆಯವ್ರನ್ನ ಬೈಕೊಂಡು ನೆಮ್ಮದಿಯಾಗಿದ್ದೆ ಕಣೇ. ಈಗ ಯಾರನ್ನ ಬೈಲಿ?"

ಅರ್ಧ ಊಟಕ್ಕೇ ಎದ್ದು, ಕತ್ತರಿ ಹಿಡಿದು ತೋಟಕ್ಕೆ ನಡೆದ. ಹಿಂದೆ ಹೋಗಿ ಏನಾದರೂ ಹೇಳಬೇಕೆಂದು ಸೊಲಾಂಜ್ ಬಾಗಿಲವರೆಗೂ ಬಂದಳು. ಅಲ್ಲಿಂದಲೇ ತಿರುಗಿದಳು. ನೆಲಮಾಳಿಗೆಗೆ ಇಳಿದು, ನದಿ ಬದಿಯ ಪೀಪಾಯಿಗಳಿಗೆ ತಾನೇ ಕೊಳವೆ ಜೋಡಿಸಿ, ಎರಡನೇ ವೈನಿನ ತೊಟ್ಟಿಗೆ ಹರಿಯಬಿಟ್ಟಳು. ಸಹಾಯಕ್ಕೆ ಬಂದವರನ್ನೆಲ್ಲ ಗದರಿ ಕಳಿಸಿದಳು.